ರೀಕಾಲ್ ಬಂದ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿಕೊಂಡವರಿಗೆ

2025ರ ನವೆಂಬರ್ ತಿಂಗಳಲ್ಲಿ ಮಾರುತಿ ಸುಜುಕಿ 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ವಾಪಸ್ ಕರೆಯಿತು. ಅದೇ ತಿಂಗಳು ಟೊಯೋಟಾ ಕಿರ್ಲೋಸ್ಕರ್ 11,529 ಅರ್ಬನ್ ಕ್ರೂಸರ್ ಹೈರೈಡರ್ ಕಾರುಗಳನ್ನು ಕರೆಯಿತು. ಮೂತಿಯ ಮೇಲಿನ ಲಾಂಛನ ಬೇರೆ ಬೇರೆ, ತಯಾರಾಗುವ ಜಾಗ ಒಂದೇ: ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆ. ದೋಷವೂ ಒಂದೇ. 2024ರ ಡಿಸೆಂಬರ್‌ನಿಂದ 2025ರ ಏಪ್ರಿಲ್‌ವರೆಗೆ ತಯಾರಾದ ಕೆಲವು ಗಾಡಿಗಳಲ್ಲಿ, ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆ ಎಂದು ತೋರಿಸುವ ಸೂಚಕವೂ, ಮುಗಿಯುತ್ತ ಬಂದಾಗ ಹೊತ್ತಿಕೊಳ್ಳಬೇಕಾದ ಎಚ್ಚರಿಕೆಯ ದೀಪವೂ ನಿಜ ಸ್ಥಿತಿ ತೋರಿಸದೆ ಇರಬಹುದು. ಗಾಡಿ ತಂದರೆ ಕಾಸು ತೆಗೆದುಕೊಳ್ಳದೆ ಪರೀಕ್ಷಿಸಿ, ಬೇಕಿದ್ದರೆ ಆ ಭಾಗವನ್ನೇ ಬದಲಿಸಿಕೊಡುತ್ತೇವೆ ಎಂದು ಕಂಪನಿಗಳು ಹೇಳಿವೆ.

ಇಂಥ ಕರೆ ಬಂದ ಮೇಲೆ ತಡಮಾಡದೆ ಗಾಡಿ ತೆಗೆದುಕೊಂಡು ಹೋಗಬೇಕು ಎಂಬುದು ನನ್ನ ನಿಲುವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ಈ ಮಾತೆತ್ತಿದರೂ ಎದುರು ಹೇಳುವವರೇ ಹೆಚ್ಚು. ಸ್ವಂತ ಕಾರಿನವರು, ಯೆಲ್ಲೋ ಬೋರ್ಡಿನವರು, ಹಳೆ ಗಾಡಿ ವ್ಯಾಪಾರದವರು, ಮಗನೋ ಅಳಿಯನೋ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಹಿರಿಯರು, ಒಬ್ಬೊಬ್ಬರದು ಒಂದೊಂದು ಆಕ್ಷೇಪ. ಒಂದೆರಡರಲ್ಲಿ ನ್ಯಾಯವಿದೆ, ಅದನ್ನು ಒಪ್ಪುತ್ತೇನೆ. ಉಳಿದವು ಜೀವಕ್ಕೆ ಎರವಾಗುವ ಮಾತುಗಳು. ಅವನ್ನು ಕೇಳಿ ಸುಮ್ಮನಿರಲು ಆಗದೆ ಒಂದೊಂದಕ್ಕೂ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

"ಪೆಟ್ರೋಲ್ ಮುಳ್ಳು ಸರಿಯಾಗಿ ತೋರ್ಸಲ್ವಂತೆ. ಅದಕ್ಕೊಂದು ರೀಕಾಲಾ? ಕಿಲೋಮೀಟ್ರು ಲೆಕ್ಕ ಹಾಕ್ಕೊಂಡು ತುಂಬಿಸ್ಕೊಂಡ್ರೆ ಆಯ್ತಪ್ಪ."

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರ ಬಾಯಲ್ಲಿ ಈ ಮಾತು ಬರಬಾರದಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ 118 ಕಿಲೋಮೀಟರ್ ರಸ್ತೆ ಬಿಡದಿಯನ್ನೂ ರಾಮನಗರ, ಚನ್ನಪಟ್ಟಣಗಳನ್ನೂ ಪಕ್ಕಕ್ಕೆ ಬಿಟ್ಟು ಬೈಪಾಸಿನಲ್ಲಿ ಸಾಗುತ್ತದೆ. ಊರು ಪಕ್ಕಕ್ಕೆ ಸರಿದಾಗ ಊರೊಳಗಿನ ಬಂಕುಗಳೂ ಸರಿದವು. ಹಳೆಯ ರಸ್ತೆಯಲ್ಲಿ ಪೆಟ್ರೋಲ್ ಮುಗಿದರೆ ಗಾಡಿಯನ್ನು ಮರದ ಕೆಳಗೆ ತಳ್ಳಿ, ಬಾಟ್ಲಿ ಹಿಡಿದು ಬಂಕಿಗೆ ನಡೆದರೆ ಆಗುತ್ತಿತ್ತು. ಬೈಪಾಸಿನ ಮೇಲೆ ಹಿಂದಿನಿಂದ ಬಸ್ಸು, ಲಾರಿ, ಕಾರು ಒಂದರ ಹಿಂದೊಂದು ನುಗ್ಗಿ ಬರುತ್ತಿರುತ್ತವೆ. ಉದ್ಘಾಟನೆಯಾದ ಮೊದಲ ತಿಂಗಳುಗಳಲ್ಲೇ ಆ ರಸ್ತೆಯಲ್ಲಿ ಸಾಲುಸಾಲು ಸಾವು ಕಂಡೆವು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಡಬೇಕಾಯಿತು, ವೇಗ ಹಿಡಿಯಲು ಕ್ಯಾಮೆರಾ ಕೂರಿಸಬೇಕಾಯಿತು. ಅಂಥ ರಸ್ತೆಯ ನಡುವೆ ಎಂಜಿನ್ ತಟ್ಟನೆ ನಿಂತರೆ ಒಳಗೆ ಕೂತವರಿಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಬ್ರೇಕಿಗೆ ಹೆಚ್ಚುವರಿ ಬಲ ಸಿಗುವುದು ಎಂಜಿನ್ ಓಡುವಾಗ ಉಂಟಾಗುವ ವ್ಯಾಕ್ಯೂಮಿನಿಂದ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದು ತೀರಿಹೋಗಿ ಪೆಡಲ್ ಬಿರುಸಾಗುತ್ತದೆ. ಅಭ್ಯಾಸವಿಲ್ಲದವರು ಬ್ರೇಕೇ ಹೋಯಿತೆಂದು ಗಾಬರಿಬೀಳುತ್ತಾರೆ.

ಕನಕಪುರದಿಂದ ಸಂಗಮದ ಕಡೆಗೆ ಹೊತ್ತು ಮುಳುಗಿದ ಮೇಲೆ ಹೋಗುವವರಿಗೆ ಹೆದ್ದಾರಿಯ ಉದಾಹರಣೆಯೂ ಬೇಕಿಲ್ಲ. ಆನೆ ದಾಟುವ ಕಾಡುದಾರಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾರು ನಿಂತುಬಿಟ್ಟರೆ ಏನಾಗಬಹುದೆಂದು ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಇನ್ನು ಕಿಲೋಮೀಟರ್ ಲೆಕ್ಕ. ಲೆಕ್ಕ ಇಡುವವರು ಮಾಲೀಕರು. ಮದುವೆಗೆಂದು ಗಾಡಿ ಕೇಳಿ ಒಯ್ದ ಭಾವಮೈದುನನಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಅವನು ನಂಬುವುದು ಎದುರಿಗೆ ಕಾಣುವ ಮುಳ್ಳನ್ನೇ.

"ನನ್ ಗಾಡಿ ಚೆನ್ನಾಗೇ ಓಡ್ತಾ ಇದೆ. ಏನಾದ್ರೂ ಆದ್ರೆ ಆವಾಗ ನೋಡ್ಕೊಳೋಣ."

ಎಲ್ಲಕ್ಕಿಂತ ಹೆಚ್ಚಾಗಿ ನಾನು ಕೇಳಿರುವುದು ಇದನ್ನೇ. ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಮಾತೂ ಇದೇ. ಕ್ಲಚ್ ಹೋದರೆ ಕಾಲಿಗೆ ತಿಳಿಯುತ್ತದೆ, ಟೈರ್ ಸವೆದರೆ ಕಣ್ಣಿಗೆ ಕಾಣುತ್ತದೆ. ಏರ್‌ಬ್ಯಾಗು, ಸೀಟ್ ಬೆಲ್ಟುಗಳ ದೋಷ ಹಾಗಲ್ಲ. ಡಿಕ್ಕಿಯಾಗುವ ಆ ಒಂದು ಗಳಿಗೆಯ ತನಕ ಅದು ಗೊತ್ತಾಗದೆ ಉಳಿಯಬಹುದು. ಗೊತ್ತಾದ ಮೇಲೆ ನೋಡಿಕೊಳ್ಳಲು ಸಮಯವಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನೋವಾ ಕಾಣದ ಬೀದಿಯಿಲ್ಲ, ಆದ್ದರಿಂದ ಅದರ ಉದಾಹರಣೆಯನ್ನೇ ಕೊಡುತ್ತೇನೆ. 2014ರ ಏಪ್ರಿಲ್‌ನಲ್ಲಿ ಟೊಯೋಟಾ ಜಗತ್ತಿನಾದ್ಯಂತ 60 ಲಕ್ಷಕ್ಕೂ ಮೀರಿ ವಾಹನಗಳನ್ನು ಹಲವು ದೋಷಗಳಿಗಾಗಿ ಕರೆಯಿತು. ಭಾರತದಲ್ಲಿ ಆ ಸಂಖ್ಯೆ ಸುಮಾರು 45,000. 2005ರಿಂದ 2008ರ ನಡುವೆ ಬಿಡದಿಯಲ್ಲಿ ತಯಾರಾದ ಇನೋವಾಗಳು ಅದರಲ್ಲಿದ್ದವು. ತೊಂದರೆ ಇದ್ದದ್ದು ಸ್ಟೀರಿಂಗಿನ ಒಳಗೆ. ಸ್ಟೀರಿಂಗ್ ಎಷ್ಟು ತಿರುಗಿದರೂ ಏರ್‌ಬ್ಯಾಗಿಗೆ ಹೋಗುವ ತಂತಿ ಹರಿಯಬಾರದೆಂದು ಅಲ್ಲಿ ಚಪ್ಪಟೆ ಕೇಬಲ್ಲೊಂದನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ಅದು ಹಾಳಾಗಿ ಸಂಪರ್ಕ ಕಡಿದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ, ಮೈಲೇಜು ಇಳಿಯುವುದಿಲ್ಲ, ಎಸಿ ಎಂದಿನಂತೆ ತಂಪಾಗಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪವೊಂದು ಉರಿಯುತ್ತದೆ, ಅಷ್ಟೆ. ಆ ದೀಪವನ್ನು ನೋಡಿಯೂ ನೋಡದವರಂತೆ ವರ್ಷಗಟ್ಟಲೆ ಓಡಿಸುವವರನ್ನು ನಾನು ಕಂಡಿದ್ದೇನೆ. ಡಿಕ್ಕಿಯಾದ ದಿನ ಆ ಚಾಲಕನ ಎದೆಗೂ ಸ್ಟೀರಿಂಗಿಗೂ ನಡುವೆ ಏನೂ ಇರುವುದಿಲ್ಲ.

2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಘಟಕದ ದೋಷಕ್ಕಾಗಿ ಮಾರುತಿ 17,362 ಗಾಡಿಗಳನ್ನು, ಟೊಯೋಟಾ 1,390 ಗ್ಲಾನ್ಜಾ ಮತ್ತು ಹೈರೈಡರ್‌ಗಳನ್ನು ಕರೆದವು. ಭಾಗ ಬದಲಾಗುವ ತನಕ ಗಾಡಿ ಓಡಿಸಬೇಡಿ ಎಂದೇ ಮಾರುತಿ ಮಾಲೀಕರಿಗೆ ಹೇಳಿತು. ಮಾರಾಟವೇ ಬದುಕಾದ ಕಂಪನಿ ತನ್ನ ಹೊಚ್ಚ ಹೊಸ ಗಾಡಿಯನ್ನು ಓಡಿಸಬೇಡಿ ಎನ್ನುವುದು ಸಣ್ಣ ಸಂಗತಿಯಲ್ಲ. ಅದನ್ನು ಕೇಳಿಯೂ "ಚೆನ್ನಾಗೇ ಓಡ್ತಾ ಇದೆ" ಎಂದರೆ ಹೇಗೆ?

ಇದಕ್ಕಿಂತ ಕಠೋರವಾದದ್ದು ಟಕಾಟಾ ಏರ್‌ಬ್ಯಾಗಿನ ಕಥೆ. ಜಪಾನಿನ ಟಕಾಟಾ ಕಂಪನಿ ಏರ್‌ಬ್ಯಾಗನ್ನು ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ವರ್ಷಗಳ ಕಾಲ ಸೆಕೆಗೂ ತೇವಕ್ಕೂ ಸಿಕ್ಕಿದ ಆ ರಾಸಾಯನಿಕ ಕೆಟ್ಟು, ಹೊತ್ತಿಕೊಂಡಾಗ ಬೇಕಾದದ್ದಕ್ಕಿಂತ ಜೋರಾಗಿ ಸಿಡಿಯುತ್ತದೆ. ಅದನ್ನು ತುಂಬಿದ ಲೋಹದ ಡಬ್ಬಿ ಒಡೆದು, ಚೂರುಗಳು ಕೂತವರ ಮುಖಕ್ಕೆ, ಕುತ್ತಿಗೆಗೆ ನುಗ್ಗುತ್ತವೆ. ಗಾಯವಷ್ಟೇ ಆಗಿ ಮುಗಿಯಬೇಕಿದ್ದ ಸಣ್ಣ ಡಿಕ್ಕಿಗಳಲ್ಲಿ ಜನ ಸತ್ತರು. ಅಮೆರಿಕದಲ್ಲೇ ಸತ್ತವರ ಸಂಖ್ಯೆ 25 ದಾಟಿತು. ನಮ್ಮ ಕರಾವಳಿಯಂಥದೇ ಹವೆಯ ಮಲೇಷ್ಯಾದಲ್ಲೂ ಹಲವರು ಸತ್ತರು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರುಗಳನ್ನು ಬದಲಿಸಲು ಹೊರಡಬೇಕಾಯಿತು, 2017ರ ಜೂನ್‌ನಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು. ಆ ವರ್ಷವೇ ಭಾರತದಲ್ಲಿ ಹೋಂಡಾ 41,580 ಕಾರುಗಳನ್ನು, ಟೊಯೋಟಾ 2010ರಿಂದ 2012ರ ನಡುವೆ ತಯಾರಾದ 23,157 ಕೊರೊಲ್ಲಾ ಆಲ್ಟಿಸ್‌ಗಳನ್ನು ಇದೇ ಕಾರಣಕ್ಕೆ ಕರೆದವು. ಸಿಡಿಯುವ ಹಿಂದಿನ ದಿನದವರೆಗೂ ಅಂಥ ಕಾರುಗಳೆಲ್ಲ "ಚೆನ್ನಾಗೇ" ಓಡುತ್ತಿರುತ್ತವೆ.

"ರೀಕಾಲ್ ಮಾಡಿದ್ರು ಅಂದ್ರೆ ಕಂಪ್ನಿ ಮೋಸ ಮಾಡಿದೆ ಅಂತ್ಲೇ ಅರ್ಥ. ಅಂಥೋರ ಗಾಡಿ ತಗೋಳೋದೇ ತಪ್ಪು."

ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಇಪ್ಪತ್ತು ಲಕ್ಷದ ಹತ್ತಿರ ಸುರಿದು ಕೊಂಡ ಕಾರಿನ ಬಗ್ಗೆ ಹೀಗೊಂದು ಸಂದೇಶ ಬಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಸಿಟ್ಟನ್ನು ಎಲ್ಲಿ ತೀರಿಸಬೇಕೋ ಅಲ್ಲಿ ತೀರಿಸೋಣ. ಸಾವಿರಾರು ಭಾಗ ಸೇರಿ ಆಗುವ ಯಂತ್ರದಲ್ಲಿ, ಎಲ್ಲೋ ಒಂದು ಸರಬರಾಜುದಾರರ ಘಟಕದಿಂದ ಬಂದ ಒಂದು ಕಂತಿನಲ್ಲಿ ದೋಷ ನುಸುಳುವುದು ಇದ್ದದ್ದೇ. ಮೋಸ ಶುರುವಾಗುವುದು ಅದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಾಗ.

ಅಮೆರಿಕದ ಜನರಲ್ ಮೋಟಾರ್ಸ್ ಮಾಡಿದ್ದು ಅದನ್ನು. ಅದರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ ಓಡುವಾಗಲೇ ಜಾರಿ ಎಂಜಿನ್ ಆರುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯೊಳಗಿನವರಿಗೆ ಸುಮಾರು ಹತ್ತು ವರ್ಷದಿಂದ ಇದರ ಸುಳಿವಿತ್ತು. ಕರೆದದ್ದು 2014ರಲ್ಲಿ. ಅಷ್ಟರಲ್ಲಿ ಆಗಿಹೋದ 124 ಸಾವುಗಳಿಗೆ ಪರಿಹಾರ ನಿಧಿಯಿಂದ ಹಣ ಕೊಡಬೇಕಾಯಿತು. ನಮ್ಮಲ್ಲೂ 2013ರಲ್ಲಿ ಅದೇ ಕಂಪನಿಯ ಭಾರತದ ಶಾಖೆ 1,14,000 ತವೇರಾಗಳನ್ನು ಕರೆಯಿತು, ಹೊಗೆ ಪರೀಕ್ಷೆಯಲ್ಲಿ ತನ್ನದೇ ಸಿಬ್ಬಂದಿ ಕೈಚಳಕ ತೋರಿಸಿದ್ದಾರೆಂದು ಸರ್ಕಾರಕ್ಕೆ ಹೇಳಿಕೊಳ್ಳಬೇಕಾಯಿತು. ಈ ಎರಡು ಪ್ರಕರಣಗಳಲ್ಲಿ ನಿಮ್ಮ ಸಿಟ್ಟು ನೂರಕ್ಕೆ ನೂರು ಸರಿ. ಆದರೆ ತಯಾರಾಗಿ ವರ್ಷ ತುಂಬುವುದರೊಳಗೆ ದೋಷ ಹಿಡಿದು ಬಹಿರಂಗವಾಗಿ ಹೇಳಿದವರನ್ನೂ ಇವರ ಸಾಲಿಗೇ ನಿಲ್ಲಿಸಿದರೆ, ಮುಂದಿನ ಸಲ ಯಾವ ಕಂಪನಿಯೂ ಬಾಯಿ ಬಿಡುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೂ ಈ ಎಚ್ಚರವಿದೆ. ಅದರ 110ಎ ಕಲಂ, ತಾನಾಗಿ ದೋಷ ಗುರುತಿಸಿ ಸರ್ಕಾರಕ್ಕೆ ತಿಳಿಸಿ ಗಾಡಿ ವಾಪಸ್ ಕರೆಯುವ ತಯಾರಕರಿಗೆ ದಂಡದಿಂದ ವಿನಾಯಿತಿ ಕೊಡುತ್ತದೆ. ತಾವಾಗಿ ಹೇಳಲು ಯಾರೂ ಹೆದರಬಾರದು ಎಂಬುದೇ ಅದರ ಲೆಕ್ಕಾಚಾರ.

"ನಮ್ಮೂರ ಕಾರ್ಖಾನೆ ಹೆಸ್ರು ಕೆಡಿಸ್ಬೇಡಿ ಸಾರ್. ನಮ್ ಹುಡುಗ್ರ ಅನ್ನ ಅದು."

ಇದಕ್ಕೆ ನಾನು ಹೆಚ್ಚು ಹೊತ್ತು ಉತ್ತರ ಹೇಳಬೇಕು. ಆಡಿದವರ ಮೇಲೆ ನನಗೆ ಗೌರವವಿದೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಹುಟ್ಟಿ, 1999ರ ಡಿಸೆಂಬರ್‌ನಲ್ಲಿ ಬಿಡದಿಯಿಂದ ಮೊದಲ ಕ್ವಾಲಿಸ್ ಹೊರಬಂದಾಗಿನಿಂದ ಈ ಸೀಮೆಯ ಎಷ್ಟೋ ಮನೆಗಳ ದಿಕ್ಕು ಬದಲಾಗಿದೆ. ರಾಗಿ, ರೇಷ್ಮೆ, ಬೆಂಗಳೂರಿನ ಕೂಲಿ ಬಿಟ್ಟರೆ ಬೇರೆ ದಾರಿ ಕಾಣದ ಹಳ್ಳಿಗಳ ಹುಡುಗರು ಸಮವಸ್ತ್ರ ತೊಟ್ಟು ಶಿಫ್ಟಿಗೆ ಹೋದರು. 2007ರಲ್ಲಿ ಆವರಣದಲ್ಲೇ ತರಬೇತಿ ಸಂಸ್ಥೆ ಶುರುವಾದಾಗ ಬಡವರ ಮಕ್ಕಳು ಹತ್ತನೇ ತರಗತಿ ಮುಗಿಸಿ ಅಲ್ಲಿ ಸೇರಿದರು. ಈ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಆ ಹುಡುಗರಿಗೆ ಅಲ್ಲಿ ಮೊದಲು ಕಲಿಸುವ ಪಾಠ ಏನೆಂದು ಅವರನ್ನೇ ಕೇಳಿ. ಲೈನಿನಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ಹಗ್ಗ ಎಳೆದು ತಿಳಿಸು, ತಪ್ಪನ್ನು ಮುಂದಿನವನ ಕೈಗೆ ದಾಟಿಸಬೇಡ, ಬೇಕಾದರೆ ಲೈನೇ ನಿಲ್ಲಲಿ. ಈ ಪಾಠ ಹುಟ್ಟಿದ್ದು ಕಾರಿನಿಂದಲ್ಲ, ಮಗ್ಗದಿಂದ. ಟೊಯೋಟಾ ಮನೆತನದ ಹಿರಿಯ ಸಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಹಾಸಿನ ಒಂದೇ ಒಂದು ಎಳೆ ಕಡಿದರೂ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯ್ದು ಮಾರಬಾರದು ಎಂಬುದು ಅದರ ಉದ್ದೇಶ. ರಾಮನಗರದ ರೀಲರ್‌ಗಳಿಗೆ, ನೂಲು ಬಿಚ್ಚಾಣಿಕೆಯಲ್ಲಿ ಕೈ ಸುಟ್ಟುಕೊಂಡ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಡಿದ ಎಳೆಯನ್ನು ಕೂಡಿಸದೆ ಸುತ್ತಿಬಿಟ್ಟರೆ ಇಲ್ಲಿ ಯಾರಿಗೂ ಕಾಣದಿರಬಹುದು, ಹುರಿ ಮಾಡುವವನ ಕೈಯಲ್ಲಿ, ನೇಯುವವನ ಮಗ್ಗದಲ್ಲಿ ಕಂಡೇ ಕಾಣುತ್ತದೆ. ರೀಕಾಲ್ ಎಂದರೆ ಅದೇ ಹಗ್ಗವನ್ನು ಗಾಡಿ ಗೇಟು ದಾಟಿದ ಮೇಲೆ ಎಳೆಯುವುದು. ಕಾರ್ಖಾನೆಯೊಳಗೆ ಎಳೆದರೆ ಶಿಸ್ತು, ಹೊರಗೆ ಎಳೆದರೆ ಅವಮಾನ ಎಂದರೆ ಒಪ್ಪಲಾಗದು.

ಹೆಸರು ಕೆಡುವುದು ಯಾವುದರಿಂದ ಎಂಬುದಕ್ಕೆ ಈ ಕಂಪನಿಯ ಚರಿತ್ರೆಯೇ ಸಾಕ್ಷಿ. ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ಕಾರುಗಳೆಂಬ ದೂರು, ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟು, ಒತ್ತಿದಲ್ಲೇ ಕಚ್ಚಿಕೊಳ್ಳುವ ಆಕ್ಸಿಲರೇಟರ್, ಇವುಗಳಿಂದ ಟೊಯೋಟಾ 2009–10ರಲ್ಲಿ ಜಗತ್ತಿನೆದುರು ತಲೆ ತಗ್ಗಿಸಿತು. 2010ರ ಫೆಬ್ರವರಿಯಲ್ಲಿ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಜನರನ್ನು ತಯಾರು ಮಾಡುವ ವೇಗಕ್ಕಿಂತ ನಾವು ಬೆಳೆದ ವೇಗ ಹೆಚ್ಚಾಯಿತು ಎಂಬರ್ಥದ ಮಾತು ಹೇಳಿದರು. 2014ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಗೆ 120 ಕೋಟಿ ಡಾಲರ್ ತೆರಬೇಕಾಯಿತು. ಅಷ್ಟು ದೊಡ್ಡ ದಂಡ ಬಿದ್ದದ್ದು ಗಾಡಿಗಳನ್ನು ವಾಪಸ್ ಕರೆದದ್ದಕ್ಕಲ್ಲ. ದೋಷದ ಬಗ್ಗೆ ಗ್ರಾಹಕರಿಗೆ ತಪ್ಪು ಹೇಳಿಕೆ ಕೊಟ್ಟದ್ದಕ್ಕೆ.

ಆ ಬಿರುಗಾಳಿಯಲ್ಲಿ ಬಿಡದಿಯ ಕೆಲಸ ಹೋಯಿತೆ? 2010ರ ಡಿಸೆಂಬರ್‌ನಲ್ಲಿ ಇಲ್ಲಿ ಎರಡನೇ ಕಾರ್ಖಾನೆ ಉದ್ಘಾಟನೆಯಾಗಿ ಎಟಿಯೋಸ್ ಹೊರಬಂತು. ಇನ್ನೂ ಹತ್ತಿರದ್ದು ಹೇಳುತ್ತೇನೆ. 2022ರಲ್ಲಿ ಮಾರುಕಟ್ಟೆಗೆ ಬಂದ ಹೈರೈಡರ್ ಆರು ತಿಂಗಳು ತುಂಬುವಷ್ಟರಲ್ಲಿ ಮೂರು ರೀಕಾಲ್ ಕಂಡಿತು: ಮುಂದಿನ ಸೀಟ್ ಬೆಲ್ಟಿನ ಎತ್ತರ ಹೊಂದಿಸುವ ಭಾಗಕ್ಕೆ 994 ಗಾಡಿ, ಆಗಲೇ ಹೇಳಿದ ಏರ್‌ಬ್ಯಾಗ್ ಘಟಕ, ಹಿಂದಿನ ಸೀಟ್ ಬೆಲ್ಟಿನ ಬ್ರಾಕೆಟ್ಟಿಗೆ 4,026 ಗಾಡಿ. 2023ರ ನವೆಂಬರ್‌ನಲ್ಲಿ ಕಂಪನಿ 3,300 ಕೋಟಿ ರೂಪಾಯಿಯ ಮೂರನೇ ಘಟಕವನ್ನು ಬಿಡದಿಗೇ ಘೋಷಿಸಿತು. ನಮ್ಮ ಹುಡುಗರ ಅನ್ನಕ್ಕೆ ರೀಕಾಲಿನಿಂದ ಕುತ್ತು ಬಂದದ್ದನ್ನು ನಾನು ಕಂಡಿಲ್ಲ. 2020ರ ನವೆಂಬರ್‌ನಲ್ಲಿ ಕೆಲಸದ ಒತ್ತಡ ತಾಳಲಾಗುತ್ತಿಲ್ಲ ಎಂದು ಕಾರ್ಮಿಕರು ಧರಣಿ ಕೂತು, ಆಡಳಿತ ಬೀಗಮುದ್ರೆ ಹಾಕಿ, ತಿಂಗಳುಗಟ್ಟಲೆ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾದದ್ದನ್ನು ಕಂಡಿದ್ದೇನೆ. ಕಾರ್ಖಾನೆಯ ಹೆಸರಿನ ಚಿಂತೆ ಇರುವವರು ಲೈನಿನ ವೇಗದ ಬಗ್ಗೆ, ಹಗ್ಗ ಎಳೆಯಲು ಕೆಲಸಗಾರನಿಗೆ ಧೈರ್ಯವಿದೆಯೇ ಎಂಬುದರ ಬಗ್ಗೆ ಕೇಳಲಿ. ಬೆಲ್ಟು ಸರಿ ಇಲ್ಲದ ಗಾಡಿಯ ವಿಷಯ ಮುಚ್ಚಿಟ್ಟು ಕಾಯಬೇಕಾದ ಮಾನ ಯಾವ ಊರಿಗೂ ಬೇಡ.

"ಒಂದ್ ದಿನ ಗಾಡಿ ನಿಂತ್ರೆ ಬಾಡಿಗೆ ಹೋಗುತ್ತೆ. ಕಂತು ಯಾರ್ ಕಟ್ತಾರೆ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ಮಾಲೀಕರಲ್ಲ, ಕಂಪನಿ. ಭಾಗ ಉಚಿತ, ಕೂಲಿ ಉಚಿತ ಎನ್ನುತ್ತಾರೆ. ಮಾಗಡಿಯ ಹಳ್ಳಿಯಿಂದ ಬೆಂಗಳೂರಿನ ಕಡೆಯ ಸರ್ವೀಸ್ ಸೆಂಟರಿಗೆ ಹೋಗಿಬರುವ ಇಂಧನ, ಕಾಯುವ ಹೊತ್ತು, ಕೈತಪ್ಪುವ ಟ್ರಿಪ್ಪು ಯಾವುದೂ ಉಚಿತವಲ್ಲ. ಮನೆ ಬಾಗಿಲಿಗೇ ಬಂದು ಸರ್ವೀಸ್ ಮಾಡಿಕೊಡುವ ವ್ಯಾನುಗಳನ್ನು ಕಂಪನಿಗಳು ಈಗಾಗಲೇ ಓಡಿಸುತ್ತಿವೆ. ಅವು ರೀಕಾಲ್ ಕೆಲಸಕ್ಕೂ ಕನಕಪುರ, ಮಾಗಡಿಗೆ ಬರಲಿ. ಮದುವೆ, ಜಾತ್ರೆ ಇಲ್ಲದ ವಾರದ ದಿನಗಳಲ್ಲಿ ತಾಲ್ಲೂಕು ಕೇಂದ್ರದಲ್ಲೇ ಶಿಬಿರ ಹಾಕಲಿ. ಬಾಡಿಗೆ ಗಾಡಿಯವರಿಗೆ ಆ ದಿನದ ನಷ್ಟ ತುಂಬಿಕೊಡಲಿ. ಟ್ಯಾಕ್ಸಿ ಚಾಲಕರ ಸಂಘಗಳು ಒಟ್ಟಾಗಿ ಬರೆದು ಕೇಳಿದರೆ ಇದು ಆಗದ ಮಾತಲ್ಲ.

ದೋಷದಿಂದ ಪೆಟ್ಟು ಬಿದ್ದರೆ, ನಷ್ಟವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯವಿದೆ. ಕೊಂಡ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು, ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರೇ ಬೇಕೆಂದಿಲ್ಲ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕ್ರೆಟಾ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಪರವಾಗಿ ತೀರ್ಪು ಕೊಟ್ಟಿತು. ಡಿಕ್ಕಿಯ ವೇಗ, ಬಲ ಇವನ್ನೆಲ್ಲ ಲೆಕ್ಕ ಹಾಕಿ ತೋರಿಸಲು ಗ್ರಾಹಕರೇನು ಭೌತಶಾಸ್ತ್ರದ ಪಂಡಿತರಾಗಿರಬೇಕಿಲ್ಲ ಎಂಬುದು ಆ ತೀರ್ಪಿನ ಸಾರ. ಆದರೆ ಒಂದನ್ನು ನೆನಪಿಡಿ. ಕರೆ ಬಂದದ್ದು ಗೊತ್ತಿದ್ದೂ ಹೋಗದೆ ಇದ್ದರೆ, ಮುಂದೆ ಆಯೋಗದ ಮುಂದೆ ಕಂಪನಿಯ ವಕೀಲರು ಮೊದಲು ಎತ್ತಿ ಹಿಡಿಯುವ ಕಾಗದ ಅದೇ ಆಗಿರುತ್ತದೆ.

"ರೀಕಾಲ್ ಆಗಿದೆ ಅಂತ ಗೊತ್ತಾದ್ರೆ ಮಾರುವಾಗ ರೇಟ್ ಬೀಳುತ್ತೆ."

ತಿಳಿದು ಕೊಳ್ಳುವವರು ಹೆದರುವುದು ಸರಿಮಾಡಿಸದ ಗಾಡಿಗೆ. ದೋಷದ ಭಾಗ ಬದಲಾಗಿ, ಅದು ಕಂಪನಿಯ ದಾಖಲೆಯಲ್ಲಿ ಏರಿದ್ದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಮುಚ್ಚಿಟ್ಟು ಮಾರುವವರಿಗೆ ನನ್ನ ಕೋರಿಕೆ ಒಂದೇ: ಆ ಕಾರಿನಲ್ಲಿ ನಾಳೆ ಕೂರುವ ಮಗುವನ್ನು ನೆನೆಸಿಕೊಳ್ಳಿ.

ಇಲ್ಲಿ ನಮ್ಮ ಕಡೆಯ ದೊಡ್ಡ ತೊಡಕೊಂದಿದೆ. ಕಂಪನಿಯ ಕಾಗದ, ಫೋನು ಹೋಗುವುದು ಮೊದಲು ಕೊಂಡವರಿಗೆ. ಬೆಂಗಳೂರಿನವರು ಕೊಂಡು, ಬ್ರೋಕರ್ ಕೈಯಿಂದ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಇನ್ನೊಬ್ಬರಿಗೆ ಹೋದ ಗಾಡಿಗೆ ಆರ್‌ಸಿಯಲ್ಲಿ ಹೆಸರೇ ಬದಲಾಗಿರುವುದಿಲ್ಲ. ಕಾಗದ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಯಾರದೋ ಮನೆ ಸೇರುತ್ತದೆ, ಗಾಡಿ ಅಕ್ಕೂರಿನಲ್ಲಿ ಓಡುತ್ತಿರುತ್ತದೆ. "ನಂಗೆ ಕರೆ ಬಂದಿಲ್ಲ" ಎನ್ನುವವರಲ್ಲಿ ಎಷ್ಟೋ ಜನಕ್ಕೆ ಬಂದಿಲ್ಲದಿರುವುದು ಕಾಗದ ಮಾತ್ರ. ದೋಷ ಅವರ ಗಾಡಿಯೊಳಗೇ ಇದ್ದೀತು.

"ನಮ್ ಮೆಕ್ಯಾನಿಕ್ ಇದಾನೆ, ಅವ್ನೇ ನೋಡ್ಕೋತಾನೆ."

ನಮ್ಮ ಗ್ಯಾರೇಜುಗಳ ಕೈಗುಣದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ರೀಕಾಲಿನ ಭಾಗ ಅವರಿಗೆ ಉಚಿತವಾಗಿ ಸಿಗುವುದಿಲ್ಲ, ಬದಲಿಸಿದ್ದು ಎಲ್ಲೂ ದಾಖಲಾಗುವುದಿಲ್ಲ, ಏರ್‌ಬ್ಯಾಗಿನೊಳಗೆ ಇರುವುದು ಸ್ಫೋಟಕ. ಒಳ್ಳೆಯ ಮೆಕ್ಯಾನಿಕ್ ತಾನೇ "ಇದನ್ನ ಶೋರೂಂಗೆ ತಗೊಂಡೋಗಣ್ಣ" ಎನ್ನುತ್ತಾನೆ.

"ಕಾನೂನು ಇದೆಯಲ್ಲ, ಸರ್ಕಾರ ನೋಡಿಕೊಳ್ಳುತ್ತದೆ" ಎನ್ನುವ ಓದಿದವರಿಗೆ ಕೊನೆಯ ಉತ್ತರ. ಕಾನೂನು ಇದೆ, ಅರ್ಧದಲ್ಲಿ ಕೈಬಿಡುತ್ತದೆ. ನಮ್ಮ ದೇಶದಲ್ಲಿ 2012ರಲ್ಲಿ ತಯಾರಕರು ತಾವೇ ಒಪ್ಪಿಕೊಂಡ ಸಂಹಿತೆಯೊಂದು ಬಂತು. ಸರ್ಕಾರವೇ ಕಡ್ಡಾಯವಾಗಿ ವಾಪಸ್ ಕರೆಸುವ ನಿಯಮ ಜಾರಿಯಾದದ್ದು 2021ರ ಏಪ್ರಿಲ್ 1ರಿಂದ. ಅದರಲ್ಲಿ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ. ಆದರೆ ಅದು ಅನ್ವಯಿಸುವುದು 7 ವರ್ಷದೊಳಗಿನ ವಾಹನಗಳಿಗೆ ಮಾತ್ರ. ಲೆಕ್ಕ ಹಾಕಿ ನೋಡಿ. 2005ರ ಇನೋವಾವನ್ನು ಕರೆದದ್ದು 2014ರಲ್ಲಿ, ಒಂಬತ್ತನೇ ವರ್ಷಕ್ಕೆ. 2010ರ ಆಲ್ಟಿಸ್‌ಗಳನ್ನು ಕರೆದದ್ದು ಏಳರ ಗಡಿಯಲ್ಲಿ. ಟಕಾಟಾದ ರಾಸಾಯನಿಕವಂತೂ ವಯಸ್ಸಾದಷ್ಟೂ ಹೆಚ್ಚು ಅಪಾಯಕಾರಿ. ಅವೆಲ್ಲ ಕಂಪನಿಗಳು ತಾವಾಗಿ ಕರೆದದ್ದರಿಂದ ಆದ ಕೆಲಸಗಳು. ಕರೆಯದಿದ್ದರೆ ಇಂದಿನ ನಿಯಮದ ಕೈ ಆ ಹಳೆಯ ಇನೋವಾದವರೆಗೆ ಚಾಚುತ್ತಿರಲಿಲ್ಲ.

ಏಳು ವರ್ಷ ಕಳೆದ ಕಾರು ಯಾರ ಕೈಯಲ್ಲಿರುತ್ತದೆ? ಮೊದಲ ಮಾಲೀಕರು ಮಾರಿ ಹೊಸದು ಕೊಂಡಿರುತ್ತಾರೆ. ಅದು ನಮ್ಮ ಹಳ್ಳಿಗಳಿಗೆ ಬಂದಿರುತ್ತದೆ, ಶಾಲೆಯ ಮಕ್ಕಳನ್ನು ಹೊರುತ್ತಿರುತ್ತದೆ, ರಾತ್ರಿ ಹೆರಿಗೆಗೆ ಆಸ್ಪತ್ರೆಗೆ ಓಡುತ್ತಿರುತ್ತದೆ. ಕಾನೂನಿನ ರಕ್ಷಣೆ ತೀರುವುದು ಸರಿಯಾಗಿ ಗಾಡಿ ಬಡವರ ಕೈಗೆ ಬರುವ ಹೊತ್ತಿಗೆ. ಜೀವರಕ್ಷಣೆಯ ಭಾಗಗಳಿಗೆ, ಅಂದರೆ ಏರ್‌ಬ್ಯಾಗು, ಬೆಲ್ಟು, ಬ್ರೇಕು, ಸ್ಟೀರಿಂಗುಗಳಿಗೆ ಈ ವಯಸ್ಸಿನ ಮಿತಿಯನ್ನು ತೆಗೆದುಹಾಕಬೇಕು. ಈ ಜಿಲ್ಲೆಯಿಂದ ಲೋಕಸಭೆಗೂ ವಿಧಾನಸಭೆಗೂ ಹೋದವರಲ್ಲಿ ಒಬ್ಬರಾದರೂ ಇದನ್ನು ಕೇಳಬೇಕು. ಅದೇ ನಿಯಮದಡಿ ಸರ್ಕಾರ ತನಿಖೆಗೆ ಇಳಿಯಬೇಕಾದರೆ ಒಂದು ಮಾದರಿಯ ಮೇಲೆ ನಿಗದಿಯಾದಷ್ಟು ದೂರುಗಳು ಬಿದ್ದಿರಬೇಕು. ಹಾಗಾಗಿ "ನಾನೊಬ್ಬ ದೂರು ಕೊಟ್ಟು ಏನಾಗಬೇಕು" ಎಂದು ಸುಮ್ಮನಾದ ಪ್ರತಿಯೊಬ್ಬರೂ ಆ ಲೆಕ್ಕವನ್ನು ಒಂದೊಂದು ಕಡಿಮೆ ಮಾಡುತ್ತಿದ್ದಾರೆ.

ಕೆಎ-42ರ ನಮ್ಮ ಆರ್‌ಟಿಒ ಕಚೇರಿ ಇದಕ್ಕಾಗಿ ದೆಹಲಿಯ ದಾರಿ ಕಾಯಬೇಕಿಲ್ಲ. ಹೆಸರು ಬದಲಾವಣೆಗೆ ಬರುವ ಹಳೆ ಗಾಡಿ, ಎಫ್‌ಸಿಗೆ ಬರುವ ಟ್ಯಾಕ್ಸಿ, ಶಾಲೆಯ ವ್ಯಾನು, ಇವುಗಳ ಮಾಲೀಕರಿಗೆ "ನಿಮ್ಮ ಗಾಡಿಯ ಮೇಲೆ ರೀಕಾಲ್ ಬಾಕಿ ಇದೆಯೇ, ನೋಡಿಕೊಂಡಿರಾ?" ಎಂದು ಕೇಳಿ, ನೋಡುವುದು ಹೇಗೆಂದು ಗೋಡೆಯ ಮೇಲೆ ಒಂದು ಫಲಕ ಹಾಕಿದರೂ ಎಷ್ಟೋ ಆಗುತ್ತದೆ. ನೋಡುವುದು ಕಷ್ಟವೇನಲ್ಲ. ಆರ್‌ಸಿಯಲ್ಲಿ ಚಾಸಿಸ್ ನಂಬರ್ ಎಂದು 17 ಅಕ್ಷರ, ಅಂಕಿಗಳ ಸಾಲೊಂದು ಇರುತ್ತದೆ. ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಇಲ್ಲವೇ ಆ ಕಂಪನಿಯ ಯಾವುದೇ ಸರ್ವೀಸ್ ಸೆಂಟರಿಗೆ ಫೋನಿನಲ್ಲಿ ಓದಿ ಹೇಳಿ. ನೀವು ಎಷ್ಟನೇ ಮಾಲೀಕರು ಎಂಬುದು ಮುಖ್ಯವಲ್ಲ. ಬಾಕಿ ಇದ್ದರೆ ದಿನ ಗೊತ್ತುಮಾಡಿಕೊಂಡು ಹೋಗಿ. ಕೆಲಸ ಮುಗಿದ ಮೇಲೆ ಯಾವ ರೀಕಾಲಿಗೆ ಯಾವ ಭಾಗ ಬದಲಾಯಿತೆಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡು, ಅದನ್ನು ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆಯಲ್ಲೇ ಇಡಿ. ಗಾಡಿ ಮಾರುವ ದಿನ ಕೊಳ್ಳುವವರ ಕೈಗೆ ಅದನ್ನೂ ಕೊಡಿ.